ಹರಿದಾಳದ ಬಟ್ಟಲು

ಪಾರಮ್ಮ ಪಡಸಾಲೆಯಲ್ಲಿ ಹುಣಸೆಬೀಜ ರುಬ್ಬುತ್ತಿದ್ದಳು. ರಾತ್ರಿಯೆಲ್ಲ ನೆನೆದ ಬೀಜ ಉಬ್ಬಿ, ಕಂದು ಸಿಪ್ಪೆ ಬಿಟ್ಟು, ಮಗುವಿನ ಹಾಲುಹಲ್ಲಿನ ಹಾಗೆ ಬೆಳ್ಳಗಾಗಿದ್ದವು. ಮಗಳು ಭೀಮಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅಲ್ಲಲ್ಲಿ ಅಂಟಿಕೊಂಡಿದ್ದ ಸಿಪ್ಪೆಯನ್ನು ಉಗುರಿನಿಂದ ಸುಲಿದು ಒಂದೊಂದನ್ನೇ ಒರಳಿಗೆ ಹಾಕುತ್ತಿದ್ದಳು. ಹಾಕುವ ಮುಂಚೆ ಪ್ರತಿಯೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುವುದು ಅವಳ ಚಾಳಿ.

"ಲಗೂನ ಹಾಕ ಭೀಮಿ. ಅದರಾಗೇನ ನೋಡ್ತೀ? ಗೊಂಬಿ ಕುಂತೈತೇನು?"

"ಇದಕ್ಕ ಮೂಗೈತಿ ನೋಡಬೇ, ಮಾಳವ್ವಜ್ಜಿ ಮೂಗಿನಂಗ."

"ಮೆಲ್ಲಕ ಮಾತಾಡ. ಗ್ವಾಡಿ ಆಚೀಕಿಂದ ಆಕಿಗೆಲ್ಲಾ ಕೇಳ್ತೈತಿ."

ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ಬೆಳಗಾಗುವುದೇ ಈ ಒರಳಿನ ಸದ್ದಿನಿಂದ. ಹೀಗೆ ರುಬ್ಬಿದ ಬೀಜವನ್ನು ಕುದಿಸಿ ಅಂಟು ಮಾಡಿ, ಅದಕ್ಕೆ ಮರದ ಹೊಟ್ಟು, ಗೋಣಿಯ ನಾರು ಸೇರಿಸಿ ಕಿಟ್ಟ ಕಲಸಬೇಕು. ಕೆತ್ತಿದ ಮರಕ್ಕೆ ಈ ಕಿಟ್ಟ ಮೆತ್ತಿದ ಮೇಲೆಯೇ ಗೊಂಬೆಗೆ ಕೆನ್ನೆ ತುಂಬುವುದು, ತುಟಿ ಮೂಡುವುದು. ಆ ಚಳಿಗಾಲ ಪಾರಮ್ಮನ ಮನೆಯಲ್ಲಿ ನವಲಿ ಊರಿನವರು ಮಾಡಿಸುತ್ತಿದ್ದ ದುರ್ಗಮ್ಮ ತಯಾರಾಗುತ್ತಿದ್ದಳು. ಒಳಕೋಣೆಯಲ್ಲಿ ಆಳೆತ್ತರದ ದೇವಿ, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಕಣ್ಣಿಗಾಗಿ ಕಾಯುತ್ತ ನಿಂತಿದ್ದಳು.

ಅಷ್ಟರಲ್ಲಿ ಭೀಮಿಯ ಕೈ ತಡೆಯಿತು. "ಯವ್ವಾ, ಅಲ್ಲಿ," ಎಂದಳು.

ಜಂತೆಯ ಕೆಳಗಿನ ಗೋಡೆಮೂಲೆಯಿಂದ ಒಂದು ಇಲಿ ನಡೆದು ಬರುತ್ತಿತ್ತು. ಓಡಿ ಅಲ್ಲ, ನಡೆದು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲನ್ನು ಅದು ದಾಟಿತು. ಮನುಷ್ಯರು ಕೂತಿರುವುದು ಅದರ ಲೆಕ್ಕದಲ್ಲೇ ಇರಲಿಲ್ಲ. ಹೆಂಡ ಕುಡಿದವನ ಹಾಗೆ ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ವಾಲಿ, ತನ್ನ ಸುತ್ತಲೇ ಒಂದು ಸುತ್ತು ಹಾಕಿ, ಪಾರಮ್ಮನ ಕಾಲಿನ ಹತ್ತಿರ ಬಂದು ಮಗ್ಗುಲಾಗಿ ಬಿದ್ದುಬಿಟ್ಟಿತು. ಹಿಂಗಾಲು ಸ್ವಲ್ಪ ಹೊತ್ತು ಗಾಳಿಯನ್ನು ಕೆದರಿ ನಿಂತವು.

ಒರಳಿನ ಗುಂಡು ನಿಂತಿತು. ಪಾರಮ್ಮ ಕಾಲೆಳೆದುಕೊಂಡಳು.

ಇಲಿ ಬಿತ್ತು ಎಂದರೆ ಏನೆಂದು ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಗಡ್ಡೆ ಬೇನೆ. ಸರಕಾರದವರ ಬಾಯಲ್ಲಿ ಪ್ಲೇಗು. ಮೊದಲು ಇಲಿ ಬೀಳುತ್ತದೆ, ಆಮೇಲೆ ಮನುಷ್ಯರು. ಇಲಿ ಬಿದ್ದ ಸುದ್ದಿ ಚಾವಡಿಗೆ ಹೋದರೆ ಡಂಗುರ ಹೊಡೆಸುತ್ತಾರೆ. ಹೊತ್ತು ಮುಳುಗುವುದರೊಳಗೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತದೆ. ಸುದ್ದಿ ಮುಟ್ಟದಿದ್ದರೆ ಊರು ಬೆಚ್ಚಗೆ ಮನೆಯಲ್ಲೇ ಮಲಗಿರುತ್ತದೆ; ಬೇನೆ ಒಂದೊಂದೇ ಮನೆಗೆ ಹೋಗುತ್ತದೆ.

ಒಳಗಿನಿಂದ ಮಾವ ಹನುಮಂತಪ್ಪ ಬಂದರು. ಕೈಯಲ್ಲಿ ಬಣ್ಣದ ಕುಂಚ ಇತ್ತು. ಇಲಿಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು.

"ಹರಿದಾಳ ತಿಂದೈತಿ," ಎಂದರು.

ಹರಿದಾಳ ದೇವಿಯ ಮುಖಕ್ಕೆ ಬಳಿಯುವ ಹಳದಿ. ಚಿನ್ನದ ಹಾಗೆ ಹೊಳೆಯುವ ಕಲ್ಲು, ಅರೆದರೆ ಅಪ್ಪಟ ವಿಷ. ಚಿತ್ರಗಾರರ ಮನೆಯ ಮಕ್ಕಳಿಗೆ ಮೊದಲು ಕಲಿಸುವ ಪಾಠವೇ ಹರಿದಾಳ ಮುಟ್ಟಿದ ಕೈಯನ್ನು ಬಾಯಿಗೆ ಇಡಬಾರದು ಅನ್ನುವುದು.

"ಭೀಮಿ, ರಾತ್ರಿ ಬಟ್ಟಲಾ ಮುಚ್ಚಂತ ಹೇಳಿದ್ದೆ. ಮುಚ್ಚಿದ್ದೇನು?"

ಭೀಮಿ ಹೌದೆಂದು ತಲೆಯಾಡಿಸಿದಳು.

"ಸರಿಯಾಗಿ ಮುಚ್ಚಿರಾಕಿಲ್ಲ ಬಿಡು. ಹುಡುಗಬುದ್ಧಿ." ಹನುಮಂತಪ್ಪ ಒಲೆಯ ಹತ್ತಿರದಿಂದ ಇಕ್ಕಳ ತಂದು ಇಲಿಯ ಬಾಲ ಹಿಡಿದು ಎತ್ತಿದರು. "ಅಂಟಿನಾಗ ಕಲಸಿದ್ದೆನಲ್ಲ, ಆ ವಾಸನಿಗೆ ಬಂದಿರ್ತೈತಿ. ಇದನ್ನ ಊರ ತುಂಬ ಹೇಳ್ಕೋತ ಹೋಗಬ್ಯಾಡ್ರಿ."

ಅವರು ಹಿತ್ತಲ ತಿಪ್ಪೆಯ ಕಡೆ ನಡೆದರೆ ಭೀಮಿ ಬರಿಗಾಲಲ್ಲಿ ಅವರ ಹಿಂದೆಯೇ ಓಡಿದಳು. ಹುಣಸೆಬೀಜವನ್ನೂ ಬಿಡದೆ ನೋಡುವ ಹುಡುಗಿ ಸತ್ತ ಇಲಿಯನ್ನು ಬಿಡುತ್ತಾಳೆಯೇ? ಮುತ್ಯಾ, ಅವಳ ಅಜ್ಜ, ಕುಣಿ ತೋಡಿ ಮುಗಿಸುವ ತನಕ ಅದರ ಪಕ್ಕ ಕೂತು ನೋಡಿದಳು. ಪಾರಮ್ಮ ಮಾತ್ರ ನೋಡಲಿಲ್ಲ. ಇಲಿಯ ಮೂತಿಯ ಕಡೆ ಕಣ್ಣು ಹೋಗದಂತೆ, ಅದು ಬಿದ್ದ ಕ್ಷಣದಿಂದ ಅವಳು ಅದರ ಬಾಲವನ್ನಷ್ಟೇ ನೋಡಿದ್ದಳು.

ಆಮೇಲೆ ನೆಲಕ್ಕೆ ಸಗಣಿ ನೀರು ಹಾಕಿ ಸಾರಿಸಿದಳು. ಒಳಕೋಣೆಗೆ ಹೋಗಿ ಬಟ್ಟಲು ನೋಡಿದಳು. ಹರಿದಾಳದ ಬಟ್ಟಲಿನ ಮೇಲೆ ತಟ್ಟೆ ಇತ್ತು. ತಟ್ಟೆಯ ಮೇಲೆ ಬಣ್ಣ ಅರೆಯುವ ಗುಂಡುಕಲ್ಲು ಇತ್ತು. ಮಾವ ಎದ್ದ ಮೇಲೆ ಮುಚ್ಚಿರಬಹುದು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದಕ್ಕೆ ಬಹಳ ಹೊತ್ತೇ ಬೇಕಾಯಿತು.

*

ಅದು ಮೂವತ್ತರ ದಶಕದ ನಡುವಿನ ಮಾತು. ಕೊಪ್ಪಳದ ಸೀಮೆ ನಿಜಾಮರದು. ತುಂಗಭದ್ರೆ ದಾಟಿದರೆ ಇಂಗ್ರೇಜರ ಮುಲುಕು. ಪಾರಮ್ಮನ ತವರು ಆ ಕಡೆ, ಹೊಸಪೇಟೆ. ಅಪ್ಪ ಅಲ್ಲಿ ಬಂಡಿಗೆ, ತೊಟ್ಟಿಲಿಗೆ ಬಣ್ಣ ಹಚ್ಚುತ್ತಿದ್ದ. ಭೀಮಿಗೆ ಹೊಸಪೇಟೆಯ ಕಥೆಗಳೆಂದರೆ ಪ್ರಾಣ. ಹೊತ್ತು ಮುಳುಗುವಾಗ ಏಣಿ ಹೊತ್ತು ಬಂದು ಬೀದಿಯ ಕಂದೀಲು ಹಚ್ಚುವ ಮುದುಕ, ಅವನ ಏಣಿ ಹಿಡಿಯಲು ಜಗಳವಾಡುತ್ತಿದ್ದ ಮಕ್ಕಳು, ರೈಲು ಕೂಗಿದರೆ ಕಟ್ಟಿದ ಎಮ್ಮೆ ಹಗ್ಗ ಹರಿದುಕೊಂಡು ಓಡಿದ್ದು, ದವಾಖಾನೆಯ ಕೆಂಪು ನೀರಿನ ಔಷಧ, ಬೆಂಡಿನ ಟೊಪ್ಪಿಗೆ ಇಟ್ಟ ದೊರೆ ಕುದುರೆಯಿಂದ ಇಳಿದು ಅಪ್ಪನ ತೊಟ್ಟಿಲಿನ ಗಿಣಿಯನ್ನು ಬೆರಳಿನಿಂದ ಮುಟ್ಟಿ ನೋಡಿದ್ದು.

ಕಥೆಯ ಕೊನೆಗೆ ಭೀಮಿ ಯಾವಾಗಲೂ ಕೇಳುವಳು: "ಅವಾಗ ನಿಮ್ಮವ್ವ ಎಲ್ಲಿದ್ಲು?"

"ಒಲಿ ಮುಂದ."

"ಬರೀ ಒಲಿ ಮುಂದನ ಇರ್ತಿದ್ಲೇನು?"

"ಹೂಂ. ಮಲಗಿನ್ನ."

ಒಂದು ಕಥೆಯನ್ನು ಪಾರಮ್ಮ ಹೇಳಿರಲಿಲ್ಲ. ಹೊಸಪೇಟೆಯಲ್ಲಿ ಗಡ್ಡೆ ಬೇನೆ ಬಂದ ವರ್ಷ ಅವಳು ಭೀಮಿಯಷ್ಟೇ ಇದ್ದಳು. ಜನಕ್ಕೆ ಬೇನೆಗಿಂತ ಸರಕಾರದವರ ಹೆದರಿಕೆ ಹೆಚ್ಚಾಗಿತ್ತು. ಇಲಿ ಬಿದ್ದ ಮನೆ ಯಾವುದೆಂದು ಗೊತ್ತಾದರೆ ಟೊಪ್ಪಿಗೆಯವರು ಆಳುಗಳನ್ನು ಕರೆತಂದು ಮಾಳಿಗೆ ಒಡೆಸಿ ಒಳಗೆ ಬಿಸಿಲು ಬಿಡಿಸುತ್ತಾರೆ, ಕೌದಿ ಕಂಬಳಿ ಬೀದಿಯಲ್ಲಿ ಸುಡುತ್ತಾರೆ, ತೋಳಿಗೆ ಸೂಜಿ ಚುಚ್ಚುತ್ತಾರೆ, ಜ್ವರ ಬಂದವರನ್ನು ರೈಲು ಹಳಿಯ ಆಚೆಗಿನ ತಗಡಿನ ಶೆಡ್ಡಿಗೆ ಒಯ್ಯುತ್ತಾರೆ.

ಒಂದು ಬೆಳಿಗ್ಗೆ ಜೋಳದ ಗಡಿಗೆಯ ಹಿಂದೆ ಇಲಿ ಸತ್ತು ಬಿದ್ದಿತ್ತು. ಅವಳ ಅವ್ವ ಅದನ್ನು ಇಕ್ಕಳದಲ್ಲಿ ಎತ್ತಿ ಬಚ್ಚಲ ಒಲೆಯೊಳಗೆ ದೂಡಿದಳು. ಕೂದಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. "ಯವ್ವಾ, ಅದನ್ಯಾಕ..." ಎಂದು ಪುಟ್ಟ ಪಾರಮ್ಮ ಕೇಳುವುದರೊಳಗೆ ಅವ್ವನ ಕೈ ಬಂದು ಅವಳ ಬಾಯಿ ಮುಚ್ಚಿತು. ಬೂದಿ ಹತ್ತಿದ ಕೈ. ಎಷ್ಟು ಗಟ್ಟಿಯಾಗಿ ಮುಚ್ಚಿತೆಂದರೆ ಹಲ್ಲಿನ ಸಂದಿಗೆ ಬೂದಿ ಹೋಯಿತು.

ಅದೇ ವಾರ ಅವ್ವನ ಕಂಕುಳಲ್ಲಿ ಗಡ್ಡೆ ಎದ್ದಿತು. ಆಳುಗಳು ಬಂದರು, ಮಾಳಿಗೆ ಒಡೆದರು. ಹುಟ್ಟಿದಾಗಿನಿಂದ ಕತ್ತಲಿದ್ದ ಒಳಮನೆಯಲ್ಲಿ ಬಿಸಿಲು ಬಿತ್ತು. ತಲೆಯೆತ್ತಿದರೆ ಆಕಾಶ. ಅದು ಎಷ್ಟು ಚೆಂದ ಕಂಡಿತ್ತೆಂಬುದು ಪಾರಮ್ಮನಿಗೆ ಈಗಲೂ ನೆನಪಿದೆ, ಮತ್ತು ಹಾಗೆ ಕಂಡದ್ದಕ್ಕೆ ಅವಳು ತನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ. ಅವ್ವನನ್ನು ಹೊತ್ತ ಬಂಡಿ ಹಳಿ ದಾಟಿ ಹೋಯಿತು. ತಿರುಗಿ ಬಂದದ್ದು ಬಂಡಿಯೊಂದೇ.

*

ಸಂಜೆ ಪಾರಮ್ಮ ಮಾವನ ಮುಂದೆ ರೊಟ್ಟಿಯ ತಾಟು ಇಟ್ಟು ಅಲ್ಲೇ ನಿಂತಳು. ಗಂಡ ಅಮರಪ್ಪ ಗಂಗಾವತಿಯ ಸಂತೆಗೆ ಬುಟ್ಟಿಗಟ್ಟಲೆ ಗೊಂಬೆ ಒಯ್ದವನು ಇನ್ನೂ ಬಂದಿರಲಿಲ್ಲ. ಮಾತಾಡುವುದಿದ್ದರೆ ಅವಳೇ ಆಡಬೇಕಿತ್ತು.

"ಮಾವಾರ, ಚಾವಡಿಗೆ ಒಂದ ಮಾತ ತಿಳಿಸಿದ್ರ..."

"ಏನಂತ?"

"ಇಲಿ ಬಿದ್ದದ್ದು."

ಹನುಮಂತಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡರು. "ನೋಡ ಪಾರಮ್ಮ. ಒಳಗ ತಾಯಿ ನಿಂತಾಳ, ಕಣ್ಣಿಲ್ಲ ಆಕಿಗೆ. ಕಿಟ್ಟ ಮೆತ್ತಿದ ಮ್ಯಾಲ ಕಣ್ಣ ಬರಿಯೂ ತನಕ ಹೊಸ್ತಿಲಾ ದಾಟಸಂಗಿಲ್ಲ, ಬಿಟ್ಟೂ ಹೋಗಂಗಿಲ್ಲ. ನಮ್ಮಪ್ಪ ಒಂದ ಸಲ ದಾಟಿಸಿದ್ದ."

"ಗೊತ್ತೈತ್ರಿ."

"ಗೊತ್ತಿಲ್ಲ ನಿನಗ. ನಾ ಕಂಡೀನಿ. ಇದ ಗಡ್ಡಿ ಬ್ಯಾನಿ ಬಂತಂತ ಊರೆಲ್ಲ ಹೊಂಟಿತ್ತು. ನಮ್ಮಪ್ಪ ಕಣ್ಣಿಲ್ಲದ ದ್ಯಾಮವ್ವನ್ನ ಬಂಡ್ಯಾಗ ಹಾಕ್ಕೊಂಡ ಹೊಲಕ್ಕ ಹೋದ. ಬಿಸಿಲಿಗೆ ಆಕಿ ಮುಖಾ ಸೀಳಿತು. ಹೊಲದಾಗ ನಮ್ಮವ್ವ ಹೋದ್ಲು, ಇಬ್ಬರು ಅಣ್ಣಗೋಳ ಹೋದ್ರು. ಹಳ್ಳದ ದಂಡ್ಯಾಗ ಕಟಗಿ ಸಾಲದ ಅರ್ಧಾ ಮರ್ಧಾ ಸುಟ್ಟ ಬಂದ್ವಿ." ತುತ್ತನ್ನು ತಾಟಿಗೆ ಇಟ್ಟುಬಿಟ್ಟರು. "ಹುಣ್ಣಿವಿಗೆ ಕಣ್ಣ ಬರೀತೀನಿ. ಅಲ್ಲಿತನ ತಡೀವಾ. ಅದು ಹರಿದಾಳ ತಿಂದದ್ದ ಐತಿ. ನಾ ಹೇಳ್ತೀನಲ್ಲ."

ಅವರ ದನಿ ಗದರುವ ದನಿಯಾಗಿರಲಿಲ್ಲ. ಗದರಿದ್ದರೆ ಪಾರಮ್ಮ ಎದುರು ಮಾತಾಡುತ್ತಿದ್ದಳೇನೋ. ಆ ಮುದುಕ ಅವಳನ್ನು ಬೇಡುತ್ತಿದ್ದರು. ಅವರ ಹೆದರಿಕೆ ಒಂದು, ಅವಳ ಹೆದರಿಕೆ ಇನ್ನೊಂದು. ಎರಡೂ ಬಾಲ್ಯದಲ್ಲಿ ಕಣ್ಣಾರೆ ಕಂಡವು. ಯಾರದು ಸುಳ್ಳೆಂದು ಹೇಳುವುದು?

*

ಅಂದಿನಿಂದ ಪಾರಮ್ಮನ ಕೈಗೆ ಒಂದು ಹೊಸ ಕೆಲಸ ಬಂತು. ಭೀಮಿಗೆ ನೀರು ಹಾಕುವಾಗ ಕಂಕುಳಲ್ಲಿ, ಕುತ್ತಿಗೆಯ ಬುಡದಲ್ಲಿ, ತೊಡೆಯ ಸಂದಿನಲ್ಲಿ ಬೆರಳಾಡಿಸಿ ಒತ್ತಿ ನೋಡುವುದು. ಮೊದಮೊದಲು ಭೀಮಿ ಕಚಗುಳಿಯೆಂದು ನಕ್ಕು ಬಚ್ಚಲ ತುಂಬ ನೀರೆರಚಿದಳು. ಆಮೇಲೆ ನಗುವುದನ್ನು ಬಿಟ್ಟಳು. ಅವ್ವ ಹೇಳುವ ಮುಂಚೆಯೇ ಎರಡೂ ಕೈ ಮೇಲೆತ್ತಿ, ಅವ್ವನ ಮುಖವನ್ನೇ ನೋಡುತ್ತ ನಿಲ್ಲುವಳು. ಬೆರಳು ಮುಂದೆ ಸರಿದಾಗ ಅವ್ವ ಬಿಡುವ ಉಸಿರನ್ನು ಅವಳೂ ಬಿಡುವಳು.

"ಯವ್ವಾ, ಆ ಇಲಿ..."

"ಹೋಗು, ಎಳಿಬಿಸಿಲಿಗೆ ನಿಂದ್ರು. ತಲಿ ಒಣಗಲಿ."

ಇನ್ನೊಮ್ಮೆ ರೊಟ್ಟಿ ಬಡಿಯುವಾಗ: "ಯವ್ವಾ, ನಾ ಅವತ್ತ ಹಿತ್ತಲದಾಗ..."

"ಉಪ್ಪಿನ ಗಡಿಗಿ ತಾ."

ಭೀಮಿ ಗಡಿಗೆ ತಂದು ಕೊಡುವಳು. ತುಟಿಯ ಮೇಲೆ ಬಂದ ಮಾತು ಅಲ್ಲೇ ಕೂತಿರುವುದು. ಆ ಮಾತು ಹೊರಗೆ ಬಂದರೆ ಏನಾಗುವುದೋ ಎಂದು ಪಾರಮ್ಮ ಮಗಳಿಗೆ ಕೆಲಸದ ಮೇಲೆ ಕೆಲಸ ಹೇಳುವಳು. ಕಿಟ್ಟ ಕಲಸು, ಗುಬ್ಬಿ ಓಡಿಸು, ಮುತ್ಯಾನಿಗೆ ನೀರು ಕೊಡು. ಒಂದು ಇಲಿ ಸತ್ತ ಮನೆಯಲ್ಲಿ ಆ ಹುಡುಗಿ ಆಡಲು ಹೊರಗೆ ಹೋಗಲೂ ಇಲ್ಲ, ಅಳಲೂ ಇಲ್ಲ.

ಅಷ್ಟರಲ್ಲಿ ಅಳವಂಡಿಯ ಕಡೆ ಇಲಿ ಬಿದ್ದಾವಂತೆ ಎಂಬ ಸುದ್ದಿ ಬಾವಿಕಟ್ಟೆಗೆ ಬಂತು. ಚಾವಡಿಯ ಜವಾನ ನೂರಸಾಬ ಮನೆಮನೆಯ ಮುಂದೆ ನಿಂತು ಕೇಳುತ್ತ ಬಂದ. ಕೋಲು ಊರಿ ನಡೆಯುವ, ಊರ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುವ ಮನುಷ್ಯ.

"ಕಾಕಾ, ಇಲಿಪಲಿ ಏನರ ಬಿದ್ದಾವೇನ್ರಿ?"

"ನಮ್ಮ ಮನ್ಯಾಗ ಇಲಿ ಬೀಳಾಕ ಜೋಳ ಎಲ್ಲಿ ಅದಾವೋ ನೂರಸಾಬ? ಬಣ್ಣಾ ತಿಂದ ಬದಕಬೇಕ ಅವು," ಎಂದರು ಹನುಮಂತಪ್ಪ.

ನೂರಸಾಬ ನಕ್ಕ. ಪಾರಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೀರೆಯ ನಿರಿಗೆಯನ್ನು ಹಿಡಿದಿದ್ದ ಭೀಮಿಯ ಮುಷ್ಟಿ ಬಿಗಿಯಾಯಿತು.

ಬಾಯಲ್ಲಿ ಹೇಳಲಾಗದ್ದನ್ನು ಪಾರಮ್ಮ ಕೈಯಲ್ಲಿ ಮಾಡತೊಡಗಿದಳು. ಜೋಳದ ಗಡಿಗೆಗಳನ್ನೆಲ್ಲ ಅಂಗಳಕ್ಕೆ ತಂದಳು. ಕೌದಿಗಳನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದಳು. ಮಗಳನ್ನು ಕರೆದುಕೊಂಡು ಅಂಗಳದಲ್ಲೇ ಮಲಗತೊಡಗಿದಳು. ಮಾಳವ್ವನ ಮನೆಗೂ ಇವರಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಅದರ ಬುಡದಲ್ಲಿ ಇಲಿ ತೋಡಿದ ಬಿಲವಿತ್ತು. ಪಾರಮ್ಮ ಅದಕ್ಕೆ ಕಿಟ್ಟದ ಉಂಡೆ ಮಾಡಿ ತುಂಬಿ, ಅಂಗೈಯಿಂದ ಒತ್ತಿ ಒತ್ತಿ ಮೆತ್ತಿದಳು. ಗೋಡೆಯ ಆಚೆ ಮಾಳವ್ವನ ಮಗಳು ಬಾಣಂತಿ. ಅವಳ ಕೂಸು ಅಳುವುದು, ಅತ್ತು ಅತ್ತು ಬಿಕ್ಕುವುದು, ಸುಮ್ಮನಾಗುವುದು ಎಲ್ಲ ಕೇಳುತ್ತಿತ್ತು. ಅಳು ಕೇಳಿದರೆ ಪಾರಮ್ಮನಿಗೆ ಸಮಾಧಾನ. ಸುಮ್ಮನಾದರೆ ಎದ್ದು ಹೋಗಿ ಗೋಡೆಗೆ ಕಿವಿ ಕೊಡುವಳು.

"ಏನಬೇ ಪಾರಮ್ಮ, ಈ ಥಂಡ್ಯಾಗ ಅಂಗಳದಾಗ ಮಲಗಾಕತ್ತೀ?" ಮಾಳವ್ವ ಕಟ್ಟೆಯ ಮೇಲಿಂದ ಕೇಳಿದಳು. "ಗಂಡ ಬರೂ ದಾರಿ ಕಾಯಾಕತ್ತೀಯೇನು? ಅಂವ ಬಂದ್ರ ಬಾಗಲಾ ಬಡೀತಾನ ಬಿಡು, ಓಡಿ ಹೋಗಂಗಿಲ್ಲ."

"ಒಳಗ ಬಣ್ಣದ ವಾಸನಿ, ಅತ್ತಿ. ಹುಡುಗಿ ಕೆಮ್ಮತಾಳ."

"ಹುಟ್ಟಿದಾಗಿಂದ ಅದ ವಾಸನ್ಯಾಗ ಬೆಳದಾಳ, ಈಗ ಕೆಮ್ಮು ಬಂತ? ನಿನ್ನ ಮಗಳು ಹೊಸಪ್ಯಾಟಿ ಮಮ್ಮಗಳು ನೋಡು, ನಾಜೂಕ!"

ಪಾರಮ್ಮ ನಗಲು ನೋಡಿದಳು. "ಅತ್ತಿ, ಬಾಣಂತಿನ್ನ ಸ್ವಲ್ಪ ದಿನ ನಿಮ್ಮ ತಮ್ಮನ ತ್ವಾಟಕ್ಕ ಕರಕೊಂಡ ಹೋಗಬಾರದೇನು? ಛಲೋ ಗಾಳಿ..."

"ಹಸೀ ಬಾಣಂತಿನ್ನ ಗಾಳಿಗೆ ಒಯ್ಯತಾರೇನ ಹುಚ್ಚಿ! ಏನಾಗೈತಿ ನಿನಗ?"

ಏನಾಗಿದೆಯೆಂದು ಅವಳು ಅಲ್ಲೇ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾವನ ಮುಖ ನೆನಪಾಯಿತು, ಹಳ್ಳದ ದಂಡೆ ನೆನಪಾಯಿತು. ಕೊಡ ಎತ್ತಿಕೊಂಡು ಒಳಗೆ ಹೋದಳು.

ಕೆಲದಿನಗಳಲ್ಲಿ ಜಂತೆಯ ಕಡೆಯಿಂದ ವಾಸನೆ ಬರತೊಡಗಿತು. ಸತ್ತದ್ದರ ವಾಸನೆ. ಅಂಟು ಹುಳಿತಿರಬೇಕು ಎಂದು ಪಾರಮ್ಮ ಅಂಟಿನ ಗಡಿಗೆಯನ್ನು ತೊಳೆದಳು. ವಾಸನೆ ಹೋಗಲಿಲ್ಲ. ಗಡಿಗೆಯನ್ನು ಮತ್ತೆ ತೊಳೆದಳು. ಹನುಮಂತಪ್ಪ ಒಳಕೋಣೆಯಲ್ಲಿ ಊಟವನ್ನೂ ಬಿಟ್ಟು ಕೆಲಸಕ್ಕೆ ಬಿದ್ದಿದ್ದರು. ಅವರ ಮೂಗಿಗೂ ವಾಸನೆ ಬಂದಿರಬೇಕು. ಬಂದವರಿಗೆಲ್ಲ ಕೇಳುವಂತೆ ಊದುಬತ್ತಿ ಹಚ್ಚು, ಊದುಬತ್ತಿ ಹಚ್ಚು ಎನ್ನುತ್ತಿದ್ದರು. ದೇವಿಯ ಮುಖ ಈಗ ಪೂರ್ತಿ ಹಳದಿಯಾಗಿತ್ತು. ಬಣ್ಣ ಒಣಗಲೆಂದು ಬಟ್ಟೆ ತೆಗೆದಿದ್ದರು. ಆ ಹೊಳೆಯುವ ಮುಖದಲ್ಲಿ ಕಣ್ಣಿನ ಜಾಗ ಎರಡು ಬಿಳಿ ಗುಳಿ. ಪಾರಮ್ಮ ನೀರು ಕೊಡಲು ಹೋದಾಗ ಆ ಕಡೆ ನೋಡದೆ ಚೊಂಬು ಇಟ್ಟು ಬರುತ್ತಿದ್ದಳು.

ಒಮ್ಮೆ ಹಾಗೆ ಹೋದಾಗ ಭೀಮಿ ಅಲ್ಲಿ ನಿಂತು ದೇವಿಯ ಹಳದಿ ಮುಖವನ್ನು ನೋಡುತ್ತಿದ್ದಳು.

"ಮುತ್ಯಾ, ನೆಪ್ಪೈತೇನು," ಎಂದಳು, "ಹೋದ ವರ್ಷ ಒಂದ ಇಲಿ ಖರೇನ ಹರಿದಾಳ ತಿಂದಿತ್ತಲ್ಲ? ಮದಿವಿ ಇಲಿ ಅಂತಿದ್ವಿ?"

ಹನುಮಂತಪ್ಪನವರ ಕುಂಚ ನಿಲ್ಲಲಿಲ್ಲ. ಪಾರಮ್ಮನಿಗೆ ನೆನಪಿತ್ತು. ಯುಗಾದಿಯ ಹೊತ್ತಿಗೆ ಒಂದು ಇಲಿ ಬಟ್ಟಲಿಗೆ ಬಾಯಿ ಹಾಕಿತ್ತು. ಗೋಡೆಯುದ್ದಕ್ಕೂ ಹಳದಿ ಹೆಜ್ಜೆ. ಮೂತಿ, ಮೀಸೆ, ಮುಂಗೈ ಎಲ್ಲ ಅರಿಶಿಣ ಹಚ್ಚಿಕೊಂಡ ಮದುವಣಗಿತ್ತಿಯ ಹಾಗೆ. ಸತ್ತು ಬಿದ್ದಿದ್ದರೂ ಓಣಿಯ ಮಕ್ಕಳು ಅದರ ಸುತ್ತ ಸೋಬಾನೆ ಹಾಡಿ ನಕ್ಕಿದ್ದರು.

"ಹೊರಗ ಹೋಗಿ ಆಡ್ಕೋ ಭೀಮಿ," ಎಂದಳು ಪಾರಮ್ಮ.

*

ಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನ ಇರುವಾಗಲೇ ನೂರಸಾಬ ಮತ್ತೆ ಬಂದ. ಹೊತ್ತು ನೆತ್ತಿಗೇರಿತ್ತು. ಈ ಸಲ ಹೊರಗೆ ನಿಲ್ಲದೆ ಅಂಗಳಕ್ಕೆ ಬಂದು ಕಂಬಕ್ಕೆ ಕೋಲು ಆನಿಸಿ ಕೂತ. ಮುಖದಲ್ಲಿ ನಗೆಯಿರಲಿಲ್ಲ.

"ಅಳವಂಡಿ ಪೂರಾ ಖಾಲಿ ಆಗೈತ್ರಿ ಕಾಕಾ. ಅಲ್ಲಿ ಯಾರೋ ಮೊದ್ಲ ಮುಚ್ಚಿಟ್ರಂತ. ಮನಿಗೆ ಒಂದರಂಗ ಹೆಣ. ಗೌಡ್ರು ಮತ್ತೊಮ್ಮಿ ಕೇಳ್ಕೊಂಡ ಬಾ ಅಂದ್ರು. ಇವತ್ತ ಎಲ್ಲಾರೂ ಇಲಿ ಬಿದ್ದಿಲ್ಲ ಅಂದ್ರ ಡಂಗುರಾ ಹೊಡಸಂಗಿಲ್ಲ. ಈ ಚಳಿಯಾಗ ಜನಾನ್ನ ಸುಮ್ಮಸುಮ್ಮನ ಹೊರಗ ಹಾಕೂದು ಬ್ಯಾಡಂತ."

ಹನುಮಂತಪ್ಪ ಕುಂಚ ಹಿಡಿದೇ ಹೊಸ್ತಿಲಿಗೆ ಬಂದರು. ಅಷ್ಟರಲ್ಲಿ ಮಾಳವ್ವನೂ ಬಂದಳು. ಎದೆಗೆ ಅವಚಿಕೊಂಡಿದ್ದ ಮೊಮ್ಮಗನನ್ನು ಬಿಸಿಲು ತಾಗದಂತೆ ಸೆರಗಿನಲ್ಲಿ ಸುತ್ತಿದ್ದಳು.

"ಹನುಮಂತಣ್ಣ, ತೊಟ್ಟಲದ ಗಿಣಿಗೆ ಚೂರು ಹಸರ ಬಣ್ಣಾ ಕೊಡ. ಅದಿರಲಿ, ಏನೋ ನಿಮ್ಮ ಮನಿ ಕಡಿಂದ ನಾರಾಕತ್ತೈತಿ. ನಮ್ಮ ಬಾಣಂತಿಗೆ ಊಟಾನ ಸೇರವಲ್ತು."

ನೂರಸಾಬ ತಲೆಯೆತ್ತಿ ಗಾಳಿ ಮೂಸಿದ. ಆಮೇಲೆ ಮುದುಕನ ಕಡೆ ನೋಡಿದ. "ಕಾಕಾ?"

ಪಾರಮ್ಮ ಒರಳಿನ ಹತ್ತಿರ ಕೂತಿದ್ದಳು. ಗುಂಡು ತಿರುಗಿಸುವುದನ್ನು ಯಾವಾಗ ನಿಲ್ಲಿಸಿದಳೋ ಅವಳಿಗೇ ಗೊತ್ತಿರಲಿಲ್ಲ. ಕೂಸು ಸೆರಗಿನೊಳಗಿಂದ ಒಂದು ಕೈ ಹೊರಗೆ ಹಾಕಿ ಬೆರಳು ಬಿಚ್ಚಿತು, ಮುಚ್ಚಿತು.

"ಒಂದು ಬಿದ್ದಿತ್ತಪಾ," ಎಂದರು ಹನುಮಂತಪ್ಪ. "ಸುಳ್ಳ್ಯಾಕ ಹೇಳ್ಲಿ. ಅದು ಹರಿದಾಳ ತಿಂದ ಸತ್ತದ್ದು. ಹುಡುಗಿ ಬಟ್ಟಲಾ ಮುಚ್ಚೂದ ಮರತಿದ್ಲು. ಇನ್ನೊಂದೂ ಹಂಗ ತಿಂದು ಜಂತ್ಯಾಗ ಸತ್ತಿರಬೇಕು. ಅದ ವಾಸನಿ."

ನೂರಸಾಬ ಎದೆ ತುಂಬ ಉಸಿರು ಬಿಟ್ಟ. "ಯಾ ಅಲ್ಲಾ! ಎದಿ ಒಡಸಿಬಿಟ್ಟಿದ್ರಿ ನೋಡ್ರಿ. ಹರಿದಾಳ ತಿಂದ್ರ ಆನಿನೂ ಉಳಿಯಂಗಿಲ್ಲ." ಕೋಲು ಹಿಡಿದು ಎದ್ದ.

"ನಾನೂ ಅದ ಅಂದ್ಕೊಂಡಿದ್ದೆ," ಎಂದು ಮಾಳವ್ವ ನಕ್ಕಳು. "ಈ ಭೀಮಿ ಕೈಯಾಗ ಬಟ್ಟಲಾ ಕೊಟ್ರ ಮುಗೀತು. ಯಲೇ ಹೊಸಪ್ಯಾಟಿ ಮಮ್ಮಗಳ, ಇಲಿ ಕೊಂದ್ಯಲ್ಲಲೇ!" ಎಂದು ಕೂಸನ್ನು ಕೆಳಗಿಳಿಸಿದಳು. ಇವರ ಮನೆಯ ಪಡಸಾಲೆಯಲ್ಲೇ, ನೆರಳಿನಲ್ಲಿ, ಇಲಿ ಬಿದ್ದಿದ್ದ ಜಾಗದಿಂದ ಮಾರು ದೂರದಲ್ಲಿ. ಬಣ್ಣ ತೆಗೆದುಕೊಳ್ಳಲು ಕೈ ಖಾಲಿ ಬೇಕಿತ್ತಲ್ಲ.

ಭೀಮಿ ಕಂಬದ ಪಕ್ಕ ನಿಂತಿದ್ದಳು. ಕೂಸನ್ನು ನೋಡಿದಳು. ಅಂಗಳ ದಾಟಿ ಹೋಗುತ್ತಿದ್ದ ನೂರಸಾಬನ ಬೆನ್ನು ನೋಡಿದಳು.

"ನಾ ಮುಚ್ಚಿದ್ದೆ," ಎಂದಳು.

ಯಾರಿಗೂ ಕೇಳಿಸಲಿಲ್ಲ. ಪಾರಮ್ಮನಿಗೆ ಕೇಳಿಸಿತು.

"ಯವ್ವಾ, ನಾ ಮುಚ್ಚಿದ್ದೆ. ಕಲ್ಲೂ ಇಟ್ಟಿದ್ದೆ. ಮತ್ತ ಆ ಇಲಿ..."

ಪಾರಮ್ಮ ಎದ್ದಳು. ಹುಣಸೆಬೀಜದ ಹಿಟ್ಟು ಹತ್ತಿದ ಅವಳ ಕೈ ತನ್ನಷ್ಟಕ್ಕೇ ಮೇಲೆದ್ದು ಮಗಳ ಬಾಯಿಯ ಕಡೆ ಹೋಯಿತು. ಹೋಗುತ್ತಿರುವುದು ಅವಳಿಗೆ ಕಂಡಿತು. ಹಲ್ಲಿನ ಸಂದಿಯಲ್ಲಿ ಬೂದಿ ಕರಕರ ಎಂದಿತು. ಒಳಕೋಣೆಯ ಕತ್ತಲಲ್ಲಿ ಆ ಹಳದಿ ಮುಖ, ಎರಡು ಬಿಳಿ ಗುಳಿ. ಹೊಸ್ತಿಲಲ್ಲಿ ಮಾವ, ಅವರ ಕುಂಚದ ತುದಿಯಿಂದ ಬಣ್ಣ ತೊಟ್ಟಿಕ್ಕುತ್ತಿದ್ದರೂ ಅವರಿಗೆ ಅದರ ಪರಿವೆಯಿಲ್ಲ. ಅವರ ಕಣ್ಣು ಅವಳನ್ನು ಬೇಡುತ್ತಿತ್ತು: ತಡೀವಾ.

ಅವಳ ಕೈ ಮಗಳ ಬಾಯಿಯ ಮುಂದೆ ಬಂದು ನಿಂತಿತು. ಅಲ್ಲಿಂದ ಜಾರಿ ಅವಳ ಭುಜದ ಮೇಲೆ ಕೂತಿತು.

"ನೂರಸಾಬಣ್ಣ, ನಿಂದ್ರು," ಎಂದಳು ಪಾರಮ್ಮ. ಮಾವನ ಎದುರು ಬೇರೆ ಗಂಡಸನ್ನು ಅಷ್ಟು ಗಟ್ಟಿಯಾಗಿ ಅವಳು ಎಂದೂ ಕರೆದಿರಲಿಲ್ಲ. "ಮಾಳವ್ವತ್ತಿ, ಕೂಸಿನ್ನ ಎತ್ತಿಕೋರಿ. ನೆಲದ ಮ್ಯಾಲಿಂದ ಎತ್ತಿಕೋರಿ ಮದ್ಲ."

ಮಾಳವ್ವನ ನಗೆ ಅರ್ಧಕ್ಕೇ ನಿಂತಿತು. ಬಾಗಿ ಕೂಸನ್ನು ಬಾಚಿಕೊಂಡಳು. ನೂರಸಾಬ ಹೆಬ್ಬಾಗಿಲಲ್ಲಿ ತಿರುಗಿದ.

ಪಾರಮ್ಮ ಮೊಣಕಾಲೂರಿ ಮಗಳ ಎತ್ತರಕ್ಕೆ ಕೂತಳು. "ಕೇಳವಾ," ಎಂದಳು. "ಅವತ್ತಿಂದ ಕೇಳಬೇಕಂತೀಯಲ್ಲ, ಈಗ ಕೇಳು. ಎಲ್ಲಾರಿಗೂ ಕೇಳೂ ಹಂಗ ಕೇಳು."

ಭೀಮಿ ಅವ್ವನ ಮುಖ ನೋಡಿದಳು, ಹೊಸ್ತಿಲಲ್ಲಿದ್ದ ಮುತ್ಯಾನ ಮುಖ ನೋಡಿದಳು. ಹುಣಸೆಬೀಜವನ್ನು ಕಣ್ಣಿನ ಹತ್ತಿರ ಹಿಡಿದು ನೋಡುವಾಗಿನ ಹಾಗೆ ಹುಬ್ಬು ಗಂಟಿಕ್ಕಿದಳು.

"ಮುತ್ಯಾ, ಅದು ಹರಿದಾಳ ತಿಂದಿದ್ರ, ಅದರ ಮೂತಿ ಹಳದಿ ಯಾಕ ಇರ್ಲಿಲ್ಲ?"